ಆಳಿಗೊಂದು ರೆಕಾರ್ಡು

ರಾಜಕುಮಾರಿ ಬಾವಿಗೆ ಬಿದ್ದದ್ದು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲಿ, ಬಯ್ಯಪ್ಪನ ಮನೆಯ ಅಟ್ಟದ ಮೇಲೆ. ಅವಳನ್ನು ಮೇಲಕ್ಕೆತ್ತಿದ್ದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಲ್ಲಿ, ಬಯ್ಯಪ್ಪನ ಬಾಮೈದ ನಲ್ಲಪ್ಪನ ಮನೆಯಲ್ಲಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕಾದರೆ ಎರಡು ಬಸ್ಸು ಬದಲಾಯಿಸಬೇಕು.

ಅದು ಎರಡು ರೆಕಾರ್ಡಿನ ಒಂದು ನಾಟಕದ ಸೆಟ್ಟು. ಯಾವುದೋ ಹಳೆಯ ನಾಟಕ ಕಂಪನಿಯವರು ಆಡಿದ್ದು. ಮೊದಲನೇ ರೆಕಾರ್ಡಿನ ಕೊನೆಯಲ್ಲಿ ರಾಜಕುಮಾರಿ ಹಾಳು ಬಾವಿಗೆ ಬೀಳುತ್ತಾಳೆ. ಎರಡನೆಯದರ ಮೊದಲಲ್ಲಿ ಕುರಿ ಕಾಯುವವನೊಬ್ಬ ಅವಳ ಕೂಗು ಕೇಳಿ ಹಗ್ಗ ಇಳಿಬಿಡುತ್ತಾನೆ. ಬಯ್ಯಪ್ಪ, ನಲ್ಲಪ್ಪ ಇಬ್ಬರೂ ಸೇರಿ ಮೈಕ್ ಸೆಟ್ ನಡೆಸುತ್ತಿದ್ದ ಕಾಲದಲ್ಲಿ ಮದುವೆ ಮನೆಗಳಲ್ಲಿ ಊಟವಾದ ಮೇಲೆ ಈ ನಾಟಕ ಹಾಕುತ್ತಿದ್ದರು. ಹೆಂಗಸರು ಎಲೆ ಅಡಿಕೆ ಹಾಕಿಕೊಂಡು ಕೇಳುತ್ತಿದ್ದರು. ರಾಜಕುಮಾರಿ ಬಿದ್ದಾಗ ಬೀಗಿತ್ತಿಯರು ಕೂಡ ಜಗಳ ನಿಲ್ಲಿಸಿ ಅಯ್ಯೋ ಅನ್ನುತ್ತಿದ್ದರು.

ಆಮೇಲೆ ಕ್ಯಾಸೆಟ್ಟು ಬಂತು, ಸೀಡಿ ಬಂತು, ರೆಕಾರ್ಡು ಮೂಲೆ ಸೇರಿತು. ಅಷ್ಟಕ್ಕೆ ಯಾರಿಗೂ ಮನಸ್ತಾಪ ಬರಲಿಲ್ಲ. ಮನಸ್ತಾಪ ಬಂದದ್ದು ಡಿಜೆ ಬಾಕ್ಸಿನಿಂದ. ಬಯ್ಯಪ್ಪ ಪಾಲುದಾರನನ್ನು ಒಂದು ಮಾತು ಕೇಳದೆ ಆಳೆತ್ತರದ ಎರಡು ಬಾಕ್ಸು ತಂದ. ತಂದವನು ಅವುಗಳನ್ನು ಪರೀಕ್ಷೆ ಮಾಡಿದ್ದು ಕೆಂಚಾರ್ಲಹಳ್ಳಿಯಲ್ಲಿ, ನಲ್ಲಪ್ಪನ ಹುಳದ ಮನೆಯ ಪಕ್ಕದ ಅಂಗಳದಲ್ಲಿ. ಹುಳದ ಮನೆ ಅಂದರೆ ರೇಷ್ಮೆ ಹುಳ ಸಾಕುವ ಮನೆ. ಆ ಸಲ ನಲ್ಲಪ್ಪನ ಹುಳ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಲೇ ಇಲ್ಲ. ತಟ್ಟೆಯಲ್ಲೇ ಸೋಂಬೇರಿಗಳ ಹಾಗೆ ಬಿದ್ದುಕೊಂಡು ಹಾಳಾದವು.

"ನಿಮ್ಮ ಬಾಕ್ಸಿನ ಸದ್ದಿಗೆ ಹುಳ ಎದೆ ಒಡ್ಕೊಂಡ್ವು ಭಾವ" ಅಂದ ನಲ್ಲಪ್ಪ.

"ಹುಳಕ್ಕೆ ಕಿವಿ ಎಲ್ಲಿದೆಯೋ?" ಅಂದ ಬಯ್ಯಪ್ಪ.

ಈ ಮಾತಿನ ಮೇಲೆ ಪಾಲುದಾರಿಕೆ ಮುರಿಯಿತು.

ಭಾಗ ಮಾಡಿಸಲು ಊರಿನ ಹಿರಿಯರಾದ ವೆಂಕಟರಾಮಪ್ಪನವರನ್ನು ಕರೆದರು. ಅವರು ಬಹಳ ನ್ಯಾಯವಂತರು. ಎಷ್ಟೋ ಮನೆಗಳ ಹೊಲ, ಪಾತ್ರೆ, ದನ ಭಾಗ ಮಾಡಿಸಿ ಒಂದು ಬೆರಳಿನಷ್ಟೂ ತಪ್ಪಿದವರಲ್ಲ. ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿಸಿದರು. ರೆಕಾರ್ಡು ಹಾಕುವ ಮಶೀನು ನಲ್ಲಪ್ಪನಿಗೆ, ಆಂಪ್ಲಿಫೈರು ಮತ್ತು ಹಾರನ್ ಸ್ಪೀಕರು ಬಯ್ಯಪ್ಪನಿಗೆ. ಒಂದಿಲ್ಲದೆ ಇನ್ನೊಂದು ಉಸಿರೆತ್ತುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ನಾಟಕದ ಸೆಟ್ಟು ಬಂದಾಗ ವೆಂಕಟರಾಮಪ್ಪನವರು ಅದನ್ನು ಬಿಚ್ಚಿ ನೋಡಿ, "ಎರಡಿದಾವೆ, ನೀವಿಬ್ಬರಿದೀರ. ಆಳಿಗೊಂದು" ಅಂದರು. ಉಳಿದದ್ದು ಪುಸ್ತಕದ ಹಾಗೆ ಬಿಚ್ಚಿಕೊಳ್ಳುವ ದೊಡ್ಡ ಕವರು. ಅದು ಒಂದೇ ಇತ್ತು. ಅವರು ಸೊಪ್ಪು ಕತ್ತರಿಸುವ ಕತ್ತಿ ತರಿಸಿ, ಮಡಿಕೆಯ ಗುಂಟ ನೇರವಾಗಿ ಎರಡು ಮಾಡಿಸಿದರು. ಕವರಿನ ಚಿತ್ರದಲ್ಲಿದ್ದ ಬಾವಿ, ರಾಜಕುಮಾರಿ ಬಯ್ಯಪ್ಪನ ಕಡೆ ಬಂದರು. ಕುರಿ ಕಾಯುವವನು ನಲ್ಲಪ್ಪನ ಕಡೆ ಹೋದ. ಹಗ್ಗ ಇಬ್ಬರಿಗೂ ಅರ್ಧರ್ಧ ಬಂತು.

ಅವತ್ತಿನಿಂದ ಭಾವ, ಬಾಮೈದ ಮಾತಾಡಿರಲಿಲ್ಲ.

ಈಗ ಬಯ್ಯಪ್ಪನ ಮಗಳು ತನುಶ್ರೀಗೆ ಮದುವೆ ಗೊತ್ತಾಗಿತ್ತು. ಹುಡುಗ ಶಿಡ್ಲಘಟ್ಟದವನು, ಸೊಸೈಟಿ ಬ್ಯಾಂಕಿನಲ್ಲಿ ಕೆಲಸ. ಗೌರಿಬಿದನೂರಿನಲ್ಲಿ ಛತ್ರ ಹಿಡಿದಾಗಿತ್ತು, ಅಡುಗೆಯವರಿಗೆ ಹೇಳಿಯಾಗಿತ್ತು. ಇನ್ನೂ ಗೊತ್ತಾಗದೆ ಇದ್ದದ್ದು ಒಂದೇ, ಸೋದರಮಾವ. ಹೆಣ್ಣನ್ನು ಕೋಣೆಯಿಂದ ಮಂಟಪಕ್ಕೆ ಕರೆತರುವವನು ಅವನು. ಅವನು ಬಂದು ಕೈ ಹಿಡಿಯದೆ ಹೆಣ್ಣು ಹೊಸ್ತಿಲು ದಾಟುವ ಹಾಗಿಲ್ಲ. ಬಯ್ಯಪ್ಪನ ಹೆಂಡತಿ ಅಶ್ವತ್ಥಮ್ಮನಿಗೆ ಒಡಹುಟ್ಟಿದವನು ನಲ್ಲಪ್ಪ ಒಬ್ಬನೇ.

"ನಿಮ್ಮ ದೊಡ್ಡಪ್ಪನ ಮಗ ಕೆಂಪರಾಜು ಇಲ್ವೇನೇ? ಅವನೂ ಸೋದರಮಾವನೇ" ಅಂದ ಬಯ್ಯಪ್ಪ.

"ಕೆಂಪರಾಜುಗೆ ಮಂಡಿ ಆಪರೇಷನ್ ಆಗಿದೆ. ಅವನನ್ನೇ ಇಬ್ಬರು ಹಿಡ್ಕೊಂಡು ಬರಬೇಕು."

"ಹಂಗಾದ್ರೆ ನಿನ್ನ ತಮ್ಮನೇ ಬರಲಿ. ನಾನೇನು ಬಾಗಿಲು ಹಾಕಿದೀನಾ?"

"ಕರೀದೆ ಯಾರ್ರೀ ಬರ್ತಾರೆ?"

"ಫೋನ್ ಮಾಡು."

ಅಶ್ವತ್ಥಮ್ಮ ಮಾಡಿದಳು. ನಲ್ಲಪ್ಪ ಆ ಕಡೆಯಿಂದ ಸಮಾಧಾನವಾಗಿಯೇ ಹೇಳಿದ.

"ಅಕ್ಕಯ್ಯ, ನಾನು ಬರಲ್ಲ ಅಂದಿಲ್ಲ. ಭಾವ ನಮ್ಮ ಬಾಗಿಲಿಗೆ ಬಂದು ಕರೀಲಿ. ಅಷ್ಟೇ."

"ನಾನು ಬಂದು ಕುಂಕುಮ ಇಟ್ಟು ಕರೆದ್ರೆ ಆಗಲ್ವೇನಪ್ಪ?"

"ನೀನು ಈ ಮನೆ ಮಗಳು. ನೀನು ಬಂದ್ರೆ ಊಟ ಹಾಕ್ತೀವಿ. ಕರೆಯೋದು ಹೆಣ್ಣಿನ ಅಪ್ಪ."

ಅಶ್ವತ್ಥಮ್ಮ ಫೋನಿಟ್ಟು ರಾಗಿ ಬೀಸಿಸಲು ಮಿಲ್ಲಿಗೆ ಹೋದಳು. ಅತ್ತುಕೊಂಡು ಕೂರುವ ಪೈಕಿ ಅಲ್ಲ ಅವಳು. ಆದರೆ ಆ ದಿನ ಮಿಲ್ಲಿನವನು ಎರಡು ಸಲ ಕೂಗಿದ ಮೇಲೆ ಅವಳಿಗೆ ತನ್ನ ಹಿಟ್ಟು ತಯಾರಾದದ್ದು ಗೊತ್ತಾಯಿತು. ಮಗಳ ಕಿವಿ ಚುಚ್ಚಿಸಿದ್ದು ನಲ್ಲಪ್ಪನ ತೊಡೆಯ ಮೇಲೆ. ಮಗು ನೋವಿಗೆ ಅವನ ಕೈ ಕಚ್ಚಿತ್ತು. ಆ ಗುರುತು ಇನ್ನೂ ಅವನ ಕೈಮೇಲಿದೆ. ಅಂಥವನ ಬದಲು ಇನ್ನೊಬ್ಬ ಬಂದು ಮಗಳ ಕೈ ಹಿಡಿಯುವುದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ.

ಮೋಹನ್‌ಬಾಬು ಬಂದದ್ದು ಈ ಹೊತ್ತಿನಲ್ಲಿ.

ಅವನದು ಚಿಕ್ಕಬಳ್ಳಾಪುರದಲ್ಲಿ ಮಹಡಿ ಮೇಲೆ ಅಂಗಡಿ. ಮೊದಲು ಮೊಬೈಲಿನ ಕವರು ಮಾರುತ್ತಿದ್ದ. ಈಗ ಹಳ್ಳಿಹಳ್ಳಿ ತಿರುಗಿ ಮೈಕ್ ಸೆಟ್ಟಿನವರ ಅಟ್ಟದಿಂದ ಹಳೆ ರೆಕಾರ್ಡು ಇಳಿಸಿ, ಫೋಟೋ ಹಾಕಿ ಬೆಂಗಳೂರಿನವರಿಗೆ ಮಾರುತ್ತಾನೆ. ಸ್ಕೂಟರಿನಿಂದ ಇಳಿದವನೇ ಕೈಗೆ ಬಿಳಿ ಗ್ಲೌಸು ಹಾಕಿಕೊಂಡ.

"ಏನಪ್ಪ, ಇಂಜೆಕ್ಷನ್ ಕೊಡ್ತೀಯಾ?" ಅಂದ ಬಯ್ಯಪ್ಪ.

"ಬೆರಳಿನ ಜಿಡ್ಡು ಅಂಟಬಾರದು ಸಾರ್, ಅದಕ್ಕೆ."

ಅಟ್ಟದ ಮೇಲಿನ ರೆಕಾರ್ಡುಗಳಲ್ಲಿ ಕೆಲವಕ್ಕೆ ಇಲಿ ಹಲ್ಲು ತಾಗಿತ್ತು. ಒಂದನ್ನು ಅಶ್ವತ್ಥಮ್ಮ ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಮಾಡಿದ್ದಳು. ಉಳಿದವನ್ನು ಮೋಹನ್‌ಬಾಬು ಬೆಳಕಿಗೆ ಹಿಡಿದು ಹಿಡಿದು ಪಕ್ಕಕ್ಕಿಟ್ಟ.

"ಈ ಹಾಡೆಲ್ಲ ಫೋನಲ್ಲಿ ಪುಕ್ಕಟೆ ಬರ್ತವಲ್ಲಪ್ಪ. ದುಡ್ಡು ಕೊಟ್ಟು ಯಾರು ತಗೊಳ್ತಾರೆ?"

"ಪುಕ್ಕಟೆ ಬರೋದಕ್ಕೇ ಸಾರ್ ತಗೊಳ್ಳೋದು. ಫೋನಲ್ಲಿ ಕೋಟಿ ಹಾಡಿದೆ, ಒಂದೂ ನಮ್ದಲ್ಲ ಅನ್ಸುತ್ತಂತೆ. ಇದಾದ್ರೆ ಕೈಯಲ್ಲಿ ಹಿಡ್ಕೊಬಹುದು."

"ಹಿಡ್ಕೊಂಡು ಕೇಳ್ತಾರಾ?"

"ಕೇಳೋಕೆ ಫೋನಿದೆಯಲ್ಲ ಸಾರ್. ಅರ್ಧಕ್ಕರ್ಧ ಜನದ ಹತ್ರ ಮಶೀನೇ ಇಲ್ಲ. ಆದ್ರೂ ಸರಿಯಾಗಿ ಓಡುತ್ತಾ ಅಂತ ಮಾತ್ರ ತಪ್ಪದೆ ಕೇಳ್ತಾರೆ."

"ಬೀಗರು ಕೊಟ್ಟ ಬೆಳ್ಳಿ ತಟ್ಟೆ ಥರ ಅನ್ನು" ಅಂದ ಬಯ್ಯಪ್ಪ. ಮೋಹನ್‌ಬಾಬು ಇಲ್ಲ ಅನ್ನಲಿಲ್ಲ.

ಅಷ್ಟರಲ್ಲಿ ಅವನ ಕೈಗೆ ನಾಟಕದ ರೆಕಾರ್ಡು ಸಿಕ್ಕಿತು. ಅವನು ಅದನ್ನು ಎರಡು ಸಲ ತಿರುಗಿಸಿ ನೋಡಿದ. ಆಮೇಲೆ ಅರ್ಧ ಕವರು ಸಿಕ್ಕಿತು.

"ಸಾರ್, ಇದನ್ನ ಯಾರು ಕತ್ತರಿಸಿದ್ದು?"

"ವೆಂಕಟರಾಮಪ್ಪನೋರು."

"ಯಾಕೆ?"

"ಭಾಗಕ್ಕೆ."

ಮೋಹನ್‌ಬಾಬು ಗ್ಲೌಸು ಹಾಕಿದ ಕೈಯನ್ನೇ ಹಣೆ ಮೇಲೆ ಇಟ್ಟುಕೊಂಡು ಕೂತ. ಈ ನಾಟಕ ಫೋನಿನಲ್ಲೂ ಇಲ್ಲ, ಎಲ್ಲೂ ಇಲ್ಲ, ಜೊತೆ ಇದ್ದರೆ ಒಂದು ಸೀಮೆ ಹಸುವಿನ ಬೆಲೆ ಬಾಳುತ್ತದೆ, ಒಂಟಿಯಾದರೆ ಉಪ್ಪಿನಕಾಯಿ ಜಾಡಿಗೇ ಸರಿ ಅಂದ. ಇನ್ನೊಂದು ಎಲ್ಲಿ ಅಂತ ಕೇಳಿದ. ಬಯ್ಯಪ್ಪ ಕಿಟಕಿಯ ಆಚೆ ನೋಡಿದ.

ಕಾಫಿ ತಂದ ಅಶ್ವತ್ಥಮ್ಮ ಹೇಳಿದಳು, "ಇನ್ನೊಂದು ನನ್ನ ತಮ್ಮನ ಹತ್ರ ಇದೆ ಕಣಪ್ಪ. ಮಶೀನೂ ಅಲ್ಲೇ ಇದೆ."

"ಹಂಗಾದ್ರೆ ನಾನೇ ಹೋಗಿ ತರ್ತೀನಮ್ಮ."

"ಓಡುತ್ತಾ ಇಲ್ವಾ ನೋಡಬೇಡವಾ?"

"ಅಲ್ಲಿ ಇಲ್ಲಿ ಒಂಚೂರು ಹಾಕಿ ನೋಡಿದ್ರೆ ಸಾಕು."

"ಸಾಲಲ್ಲ. ಎರಡನ್ನೂ ಒಂದೇ ಕಡೆ ಇಟ್ಟು ಮೊದಲಿಂದ ಕೊನೆವರೆಗೆ ಕೇಳು. ಆಂಪ್ಲಿಫೈರು ಇಲ್ಲಿದೆ, ಮಶೀನು ಅಲ್ಲಿದೆ. ನಲ್ಲಪ್ಪನ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಅವನು ಮನೆ ಬಿಟ್ಟು ಅಲ್ಲಾಡಂಗಿಲ್ಲ. ಇವರೇ ಆಂಪ್ಲಿಫೈರು ತಗೊಂಡು ಬರ್ತಾರೆ."

"ಯಾರು?" ಅಂದ ಬಯ್ಯಪ್ಪ.

"ನೀವೇ. ಈ ಹುಡುಗನ ಕೈಲಿ ಆ ಹಳೇ ಸಾಮಾನು ಕೊಟ್ಟರೆ ತಂತಿ ಯಾವುದಕ್ಕೆ ಯಾವುದು ಅಂತ ಅವನಿಗೆ ಗೊತ್ತಾ?"

ಬಯ್ಯಪ್ಪನಿಗೆ ಇದು ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯದೆ ಇರಲಿಲ್ಲ. ಆದರೆ ಸಾಮಾನಿನ ಮಾತು ಸುಳ್ಳಾಗಿರಲಿಲ್ಲ. ತನ್ನ ಆಂಪ್ಲಿಫೈರನ್ನು ಗ್ಲೌಸು ಹಾಕಿದವನ ಕೈಗೆ ಕೊಡುವುದು ಅವನಿಂದ ಆಗದ ಕೆಲಸ.

"ನಾನು ಹೋಗೋದು ರೆಕಾರ್ಡಿನ ವ್ಯಾಪಾರಕ್ಕೆ. ಇನ್ಯಾವುದಕ್ಕೂ ಅಲ್ಲ" ಅಂದ.

"ನಾನು ಬರೋದು ತವರಿಗೆ. ಇನ್ಯಾವುದಕ್ಕೂ ಅಲ್ಲ" ಅಂದಳು ಅಶ್ವತ್ಥಮ್ಮ.

ಮಶೀನಿನ ಮುಳ್ಳು ಸವೆದಿರುತ್ತದೆ ಅಂತ ಬಯ್ಯಪ್ಪ ತಾನೇ ಅಲೀಪುರಕ್ಕೆ ಹೋಗಿ, ರೇಡಿಯೊ ರಿಪೇರಿ ಅಂಗಡಿಯ ಹಳೆಯ ಡಬ್ಬಿಯಿಂದ ಒಂದು ಹುಡುಕಿಸಿ ತಂದ. ವ್ಯಾಪಾರಕ್ಕೆ ಹೋಗುವವನು ಎದುರು ಪಾರ್ಟಿಯ ಮಶೀನಿಗೆ ಮುಳ್ಳು ತರುವುದು ಎಲ್ಲೂ ಇಲ್ಲ. ಅಶ್ವತ್ಥಮ್ಮ ಅದನ್ನು ನೋಡಿಯೂ ನೋಡದ ಹಾಗೆ ಇದ್ದಳು.

ಮೋಹನ್‌ಬಾಬು ಒಂದು ಕಾರು ತಂದ. ಕೆಂಚಾರ್ಲಹಳ್ಳಿ ತಲುಪಿದಾಗ ಬಿಸಿಲು ಏರಿತ್ತು. ಹುಳದ ಮನೆಯ ಬಾಗಿಲಿಗೆ ಸುಣ್ಣದ ಪುಡಿ ಎಳೆದಿತ್ತು, ಹುಳಕ್ಕೆ ರೋಗ ತಗುಲದ ಹಾಗೆ ಕಾಲು ಅದ್ದಲು ಔಷಧಿ ನೀರಿನ ತಟ್ಟೆ ಇತ್ತು. ನಲ್ಲಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಬಂದ. ಮೋಹನ್‌ಬಾಬುವಿಗೆ "ಬನ್ನಿ ಸಾರ್" ಅಂದ. ಅಶ್ವತ್ಥಮ್ಮನಿಗೆ "ಬಾ ಅಕ್ಕಯ್ಯ" ಅಂದ. ಬಯ್ಯಪ್ಪನಿಗೆ ಏನೂ ಅನ್ನಲಿಲ್ಲ. ಅವನ ಕೈಯಲ್ಲಿದ್ದ ಆಂಪ್ಲಿಫೈರನ್ನು ನೋಡಿದ.

"ಅದು ಇನ್ನೂ ಇದೆಯಾ?"

"ಇದೆ."

ಇಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ನಲ್ಲಪ್ಪನ ಹೆಂಡತಿ ವರಲಕ್ಷ್ಮಿ ನೀರು ತರುವ ನೆಪದಲ್ಲಿ ಅಶ್ವತ್ಥಮ್ಮನ ಕೈ ಹಿಡಿದುಕೊಂಡು ಒಳಗೆ ಹೋದಳು.

ಹೊಂಗೆ ಮರದ ಕೆಳಗೆ ಮಶೀನು ಇಟ್ಟರು. ಬಯ್ಯಪ್ಪ ಸ್ಟೂಲು ಹತ್ತಿ, ಕಾರಿನಲ್ಲಿ ತಂದಿದ್ದ ಹಾರನ್ನನ್ನು ಕೊಂಬೆಗೆ ಕಟ್ಟಿದ. ಕಟ್ಟಿ ಇಳಿದು, ಅದರ ಬಾಯಿ ಯಾವ ಕಡೆಗಿದೆ ಅಂತ ನೋಡಿದ. ನೇರವಾಗಿ ಹುಳದ ಮನೆಯ ಕಡೆಗಿತ್ತು. ಮತ್ತೆ ಸ್ಟೂಲು ಹತ್ತಿದ. ಹಗ್ಗ ಬಿಚ್ಚಿ, ಹಾರನ್ನನ್ನು ರಸ್ತೆಯ ಕಡೆಗೆ ತಿರುಗಿಸಿ, ಮತ್ತೆ ಕಟ್ಟಿದ. ನಲ್ಲಪ್ಪ ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದ.

"ಹುಳ ಎಷ್ಟನೇ ಜ್ವರ?" ಅಂತ ಕೇಳಿದ ಬಯ್ಯಪ್ಪ, ತಂತಿ ಸಿಕ್ಕಿಸುತ್ತಾ.

"ನಾಲ್ಕನೇದು ಎದ್ದಿದೆ, ಪೊರೆ ಬಿಟ್ಟಾಯ್ತು. ಇನ್ನೇನು ಹಣ್ಣಾಗ್ತವೆ."

ಬಯ್ಯಪ್ಪ ಆಂಪ್ಲಿಫೈರಿನ ತಿರುಪನ್ನು ಇನ್ನೂ ಒಂಚೂರು ಕೆಳಕ್ಕೆ ತಿರುಗಿಸಿದ.

"ಹುಳಕ್ಕೆ ಕಿವಿ ಇಲ್ಲ ಅಂತಿದ್ರಿ" ಅಂದ ನಲ್ಲಪ್ಪ.

"ಈಗಲೂ ಇಲ್ಲ ಅಂತೀನಿ. ಕಿವಿ ಇಲ್ಲ ಅಂತ ಮರ್ಯಾದೆ ಕೊಡಬಾರದು ಅಂತೇನಿಲ್ಲವಲ್ಲ."

ನಲ್ಲಪ್ಪ ಬೀಡಿ ಹಚ್ಚಿಕೊಂಡ. ಕಡ್ಡಿಪೆಟ್ಟಿಗೆಯನ್ನು ಭಾವನ ಕಡೆಗೆ ಸರಿಸಿದ.

ಮೊದಲನೇ ರೆಕಾರ್ಡು ಓಡಿತು. ಮಾತಿಗಿಂತ ಮೊದಲು ನಾಟಕದ ಹಾರ್ಮೋನಿಯಂ ಬಂತು, ಅದಕ್ಕಿಂತ ಮೊದಲು ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಬಂತು. ರಸ್ತೆಯಲ್ಲಿ ಹಾಲು ಹಾಕಿ ಬರುತ್ತಿದ್ದ ಮುನಿಶಾಮಮ್ಮ ನಿಂತಳು. ಕ್ಯಾನು ಕೆಳಗಿಟ್ಟು, "ಅಯ್ಯೋ, ಈ ಹುಡುಗಿ ಈಗ ಬೀಳ್ತಾಳೆ" ಅಂದಳು. ಹುಡುಗಿ ಬಿದ್ದಳು. ಬಾವಿಯ ನೀರು ಧಡಕ್ಕೆಂದಿತು. ಆಮೇಲೆ ರೆಕಾರ್ಡು ಸುಮ್ಮನೆ ಸುತ್ತುತ್ತಾ ಹೋಯಿತು.

ನಲ್ಲಪ್ಪ ಒಳಗೆ ಹೋಗಿ ಎರಡನೇ ರೆಕಾರ್ಡು ತಂದು, ಹೆಗಲ ಮೇಲಿನ ಟವಲಿನಿಂದ ಒರೆಸಿದ.

"ಸಾರ್, ಟವಲ್ ಬೇಡ!" ಅಂತ ಮೋಹನ್‌ಬಾಬು ಎದ್ದು ನಿಂತ.

"ಒಗೆದಿರೋ ಟವಲೇ ಸಾರ್" ಅಂದ ನಲ್ಲಪ್ಪ.

ಕುರಿ ಕಾಯುವವನು ಬಾವಿಯೊಳಕ್ಕೆ ಬಗ್ಗಿ ನೋಡುವ ಜಾಗದಲ್ಲಿ ರೆಕಾರ್ಡಿಗೆ ಮೊದಲಿನಿಂದಲೂ ಗೀರಿತ್ತು. "ಯಾರವ್ವಾ ಅಲ್ಲಿ, ಯಾರವ್ವಾ ಅಲ್ಲಿ" ಅಂತ ಅವನು ಅಲ್ಲೇ ನಿಂತ.

"ತಟ್ಟೋ" ಅಂದ ಬಯ್ಯಪ್ಪ, ಆ ಕಡೆ ನೋಡದೆ. ಅವನು ಅನ್ನುವ ಮೊದಲೇ ನಲ್ಲಪ್ಪ ಮಶೀನಿನ ಪೆಟ್ಟಿಗೆಯ ಬಲಮೂಲೆಗೆ ಬೆರಳಿನಿಂದ ತಟ್ಟಿಯಾಗಿತ್ತು. ಹಗ್ಗ ಇಳಿಯಿತು. ರಾಜಕುಮಾರಿ ಮೇಲೆ ಬಂದಳು. ಮುನಿಶಾಮಮ್ಮ ಸಮಾಧಾನವಾಗಿ ಕ್ಯಾನು ಎತ್ತಿಕೊಂಡು ಹೋದಳು.

ಮೋಹನ್‌ಬಾಬು ಗೀರಿಗೆ ಇಷ್ಟು, ಕವರು ಕತ್ತರಿಸಿದ್ದಕ್ಕೆ ಇಷ್ಟು ಅಂತ ಕಳೆದು ಒಂದು ಬೆಲೆ ಹೇಳಿದ. ಹಸು ಹೋಗಿ ಕರುವಾಗಿತ್ತು. ಇಬ್ಬರೂ ಒಪ್ಪಿದರು.

"ಹಂಗಾದ್ರೆ ಈ ತಿಂಗಳಲ್ಲೇ ತಗೊಂಡು ಹೋಗ್ತೀನಿ."

"ಈ ತಿಂಗಳು ಆಗಲ್ಲಪ್ಪ" ಅಂದ ಬಯ್ಯಪ್ಪ. "ಮನೇಲಿ ಮದುವೆ ಇದೆ."

"ಯಾರ ಮದುವೆ?" ಅಂದ ನಲ್ಲಪ್ಪ.

ಯಾರ ಮದುವೆ ಅನ್ನುವುದು ಗೌರಿಬಿದನೂರಿನಿಂದ ಚಿಂತಾಮಣಿವರೆಗಿನ ನೆಂಟರಿಗೆಲ್ಲ ಗೊತ್ತಿತ್ತು. ತನುಶ್ರೀಗೆಂದು ತಂದ ಸೀರೆ ಒಳಗೆ ವರಲಕ್ಷ್ಮಿಯ ಬೀರುವಿನಲ್ಲಿತ್ತು. ಬಣ್ಣ ಆರಿಸಿದವನು ನಲ್ಲಪ್ಪ.

"ತನುಶ್ರೀದು."

"ಹೌದಾ? ನಂಗೆ ಯಾರೂ ಹೇಳಲೇ ಇಲ್ಲ."

"ಈಗ ಹೇಳಿದ್ನಲ್ಲ."

"ಹೇಳಿದ್ರಿ. ಕರೀಲಿಲ್ಲ."

ಬಯ್ಯಪ್ಪ ಹಾರನ್ನಿನ ಕಡೆ ನೋಡಿದ. ಹಾರನ್ನು ರಸ್ತೆಯ ಕಡೆ ನೋಡುತ್ತಿತ್ತು. ಅಶ್ವತ್ಥಮ್ಮ ಆಂಪ್ಲಿಫೈರು ತಂದಿದ್ದ ಚೀಲಕ್ಕೆ ಕೈಹಾಕಿ ಲಗ್ನಪತ್ರಿಕೆ ತೆಗೆದಳು, ಕುಂಕುಮದ ಬಟ್ಟಲು ತೆಗೆದಳು, ಎಲೆ ಅಡಿಕೆ ತೆಗೆದಳು. ವರಲಕ್ಷ್ಮಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು, ಯಾರೋ ಮೊದಲೇ ಹೇಳಿಟ್ಟ ಹಾಗೆ.

"ಇದು ಯಾವಾಗ ಬಂತೇ?" ಅಂದ ಬಯ್ಯಪ್ಪ.

"ಆಂಪ್ಲಿಫೈರ್ ಜೊತೆಗೆ."

ತಟ್ಟೆ ಬಯ್ಯಪ್ಪನ ಕೈಗೆ ಬಂತು. ಅವನು ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಮದುವೆ ಮನೆಗಳಲ್ಲಿ ಸಾವಿರಾರು ಜನರ ಮುಂದೆ ಮೈಕು ಹಿಡಿದು ಮುಯ್ಯಿ ಕೊಟ್ಟವರ ಹೆಸರು ಕೂಗಿದವನು ಅವನು. ಈಗ ಗಂಟಲು ಸರಿಮಾಡಿಕೊಂಡ.

"ನಲ್ಲಪ್ಪ, ಮಗಳ ಮದುವೆ ಇಟ್ಕೊಂಡಿದೀನಿ. ನೀನು ಬಂದು ಅವಳನ್ನ ಕರ್ಕೊಂಡು ಹೋಗಿ ಮಂಟಪದಲ್ಲಿ ನಿಲ್ಲಿಸಬೇಕು ಕಣಪ್ಪ."

ನಲ್ಲಪ್ಪ ಪತ್ರಿಕೆ ಬಿಚ್ಚಿ, ಕೊನೆಯಿಂದ ಓದತೊಡಗಿದ.

"ನನ್ನ ಹೆಸರು ಹಾಕ್ಸಿದೀರಿ. ಸೋದರಮಾವ ಅಂತ."

ಪ್ರೆಸ್ಸಿಗೆ ಹೋಗಿದ್ದು ಅಶ್ವತ್ಥಮ್ಮ. ಬಯ್ಯಪ್ಪ ಅದನ್ನು ಹೇಳಲಿಲ್ಲ.

"ಪ್ರಿಂಟಾಗೋಗಿದೆ. ಇನ್ನು ನೀನು ಬರದಿದ್ರೆ ಅಷ್ಟೂ ಕಾರ್ಡು ವೇಸ್ಟು."

ನಲ್ಲಪ್ಪ ಪತ್ರಿಕೆ ಮಡಿಸಿ ಜೇಬಿಗಿಟ್ಟ. ಆಮೇಲೆ ಹುಳದ ಮನೆಯ ಕಡೆ ಕೈ ತೋರಿಸಿದ. ಹುಳ ಹಣ್ಣಾಗುವ ಹೊತ್ತಿನಲ್ಲಿ ಹೊರಗಿನವರನ್ನು ಅಲ್ಲಿಗೆ ಯಾರೂ ಬಿಡುವುದಿಲ್ಲ.

"ರಾ ಭಾವ, ಒಳಗೆ ರಾ. ಕಾಲು ಮಾತ್ರ ಔಷಧಿ ನೀರಲ್ಲಿ ಅದ್ದಿ" ಅಂದ, ಹಳೆಯ ಸಲುಗೆಯಲ್ಲಿ ತೆಲುಗು ಬೆರೆಸಿ.

ಬಯ್ಯಪ್ಪ ಪಂಚೆ ಎತ್ತಿಕಟ್ಟಿ ಎರಡೂ ಕಾಲು ಅದ್ದಿದ. ಮೋಹನ್‌ಬಾಬು ಕೂಡ ಎದ್ದ. "ನೀನು ಬೇಡಪ್ಪ" ಅಂದಳು ಅಶ್ವತ್ಥಮ್ಮ. "ನಿನಗೆ ಊಟ ಬಡಿಸ್ತೀನಿ ಬಾ."

ಮದುವೆಗೆ ನಾಟಕ ಹಾಕಲೇಬೇಕು ಅಂತ ಭಾವ ಬಾಮೈದ ಇಬ್ಬರೂ ಹಟ ಹಿಡಿದರು. ಛತ್ರದಲ್ಲಿ ಡಿಜೆಯವನನ್ನು ಪಕ್ಕಕ್ಕೆ ಸರಿಸಿ ಮಶೀನು ಇಟ್ಟರು. ಮೋಹನ್‌ಬಾಬು ಗ್ಲೌಸು ಹಾಕಿಕೊಂಡು, ತನ್ನ ಮಾಲಿಗೆ ಯಾರೂ ಪಾಯಸ ಚೆಲ್ಲದ ಹಾಗೆ ಕಾವಲು ನಿಂತ. ಪುರೋಹಿತರು ಕಥೆ ಏನು ಅಂತ ಕೇಳಿದರು. ಬಯ್ಯಪ್ಪ ಹೇಳಿದ.

"ಮದುವೆ ಮನೇಲಿ ಹೆಣ್ಣು ಬಾವಿಗೆ ಬೀಳೋದಾ? ಸಾಧ್ಯವೇ ಇಲ್ಲ" ಅಂದರು ಅವರು.

"ಆಮೇಲೆ ಎತ್ತುತ್ತಾರೆ ಸ್ವಾಮಿ."

"ಎತ್ತೋದು ಬೇಕಾದ್ರೆ ಹಾಕಿ."

ಹಾಗಾಗಿ ತನುಶ್ರೀಯ ಮದುವೆಯಲ್ಲಿ ಎರಡನೇ ರೆಕಾರ್ಡು ಮಾತ್ರ ಓಡಿತು. ಬೀಳದ ಹುಡುಗಿಯನ್ನು ಕುರಿ ಕಾಯುವವನು ಮೇಲೆತ್ತಿದ. ಅದೇ ಹೊತ್ತಿಗೆ ನಲ್ಲಪ್ಪ ಕೋಣೆಯ ಬಾಗಿಲಲ್ಲಿ ಪಂಚೆ ಬಿಗಿದುಕೊಂಡು, ಹಳೆಯ ಪದ್ಧತಿಯಂತೆ ಸೋದರಸೊಸೆಯನ್ನು ಎತ್ತಿಕೊಂಡೇ ಬರುತ್ತೇನೆ ಅಂದ.

"ಬೇಡ ಮಾವ, ಸೊಂಟ ಹಿಡ್ಕೊಳ್ಳುತ್ತೆ. ಕೈ ಹಿಡ್ಕೊಳ್ಳಿ ಸಾಕು" ಅಂದಳು ತನುಶ್ರೀ.

"ಕಚ್ಚಲ್ಲ ತಾನೇ?"

ಅಶ್ವತ್ಥಮ್ಮ ಮಂಟಪದ ಪಕ್ಕದಲ್ಲಿ ನಿಂತು ಅವರಿಬ್ಬರು ಬರುವುದನ್ನು ನೋಡಿದಳು. ಆಮೇಲೆ ಹೂವಿನ ತಟ್ಟೆ ಸರಿಯಾಗಿದೆಯೇ ಅಂತ ಬಹಳ ಹೊತ್ತು ಬಗ್ಗಿ ನೋಡಿದಳು. ಬಯ್ಯಪ್ಪ ಬಂದವರಿಗೆಲ್ಲ ತನ್ನ ಭಾಗದ ರೆಕಾರ್ಡು ಹಾಕಲು ಬಿಡಲಿಲ್ಲ ಅಂತ ದೂರು ಹೇಳುತ್ತಿದ್ದ.

ಮದುವೆಯಾದ ಮೇಲೆ ಮೋಹನ್‌ಬಾಬು ಸೆಟ್ಟು ತೆಗೆದುಕೊಂಡು ಹೋಗಿ ಬೆಂಗಳೂರಿನ ಒಬ್ಬರಿಗೆ ಮಾರಿದ. ಸ್ವಲ್ಪ ದಿನದ ಮೇಲೆ ಅವರ ಮನೆಯ ಫೋಟೋ ಕಳಿಸಿದ. ಎರಡು ಅರ್ಧ ಕವರಿಗೂ ಬೇರೆ ಬೇರೆ ಫ್ರೇಮು ಹಾಕಿಸಿ, ನಡುವೆ ಒಂದು ಗೇಣು ಬಿಟ್ಟು ಗೋಡೆಗೆ ತಗುಲಿಸಿದ್ದರು. ಕೆಂಚಾರ್ಲಹಳ್ಳಿಯ ಹೊಂಗೆ ಮರದ ಕೆಳಗೆ ಭಾವ ಬಾಮೈದ ಒಂದೇ ಫೋನಿನ ಮೇಲೆ ತಲೆ ಬಗ್ಗಿಸಿ ಅದನ್ನು ನೋಡಿದರು.

"ನಡುವೆ ಯಾಕೆ ಜಾಗ ಬಿಟ್ಟವ್ರೆ?" ಅಂದ ನಲ್ಲಪ್ಪ.

"ಅದೇ ಚೆಂದ ಅಂತೆ."

"ಮಶೀನು?"

"ಇಲ್ಲವಂತೆ."

ನಲ್ಲಪ್ಪ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಹಗ್ಗ ಒಂದು ಫ್ರೇಮಿನಲ್ಲಿ ನಿಂತು, ಗೋಡೆ ದಾಟಿ, ಇನ್ನೊಂದರಲ್ಲಿ ಶುರುವಾಗಿತ್ತು.

"ವೆಂಕಟರಾಮಪ್ಪನೋರು ಇದನ್ನ ನೋಡೋಕೆ ಇರಬೇಕಿತ್ತು ಭಾವ."

"ಇದ್ದಿದ್ರೆ ಗೋಡೇನೂ ಕತ್ತರಿಸ್ತಿದ್ರು."

ಇಬ್ಬರೂ ನಗಲಿಲ್ಲ. ಸೊಪ್ಪು ಹಾಕುವ ಹೊತ್ತಾಗಿತ್ತು. ಬಯ್ಯಪ್ಪ ಎದ್ದು ಔಷಧಿ ನೀರಿನ ತಟ್ಟೆಯಲ್ಲಿ ಕಾಲು ಅದ್ದಿದ.